ತುರಿಕೆ ಮಾತ್ರೆಯಿಂದ ಅಪ್ಪನಿಗೆ ಒಳ್ಳೆ ನಿದ್ದೆ ಬರುತ್ತಿದೆ, ದಿನಾ ಕೊಡಬಹುದಾ?

ನಿಮ್ಮ ತಂದೆಗೆ 68 ವರ್ಷ, ರಾತ್ರಿಯ ಫೆನಿರಮೈನ್ ಮಾತ್ರೆಯಿಂದ ತುರಿಕೆಯೂ ನಿಂತಿದೆ, ನಿದ್ದೆಯೂ ಬರುತ್ತಿದೆ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಹೀಗೇ ಶುರುವಾಗಿದ್ದು.

ನಮ್ಮದು ಶಿಡ್ಲಘಟ್ಟ. ಅಪ್ಪ ರೇಷ್ಮೆ ರೀಲರ್. ಬೇಯಿಸಿದ ಗೂಡಿನ ನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳ ಸಂದಿಯೆಲ್ಲ ಬೆಳ್ಳಗೆ ಬಿರಿದಿತ್ತು, ಮೊಣಕೈವರೆಗೂ ಕೆಂಪು ದದ್ದು. ಮೆಡಿಕಲ್ ಶಾಪಿನಲ್ಲಿ ಇದೇ ಮಾತ್ರೆ ಕೊಟ್ಟರು. ಮೊದಲ ರಾತ್ರಿಯೇ ಗೊರಕೆ. ಮನೆಮಂದಿಗೆಲ್ಲ ಸಮಾಧಾನ.

ಆಮೇಲೆ ಅಪ್ಪನಿಗೆ ನೆಗಡಿ ಆಯಿತು. ನಾನೇ ಹೋಗಿ ನೆಗಡಿ ಮಾತ್ರೆ ತಂದು ಜೊತೆಗೆ ಕೊಟ್ಟೆ. ಸ್ಟ್ರಿಪ್ ತಿರುಗಿಸಿ ನೋಡಲಿಲ್ಲ. ಎಡವಿದ್ದು ಅಲ್ಲೇ. ಹೆಸರು ಬೇರೆ, ಬಣ್ಣ ಬೇರೆ, ಕಾಯಿಲೆಯೂ ಬೇರೆ, ಹಾಗಾಗಿ ಔಷಧಿಯೂ ಬೇರೆ ಅಂದುಕೊಂಡೆ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಮೂರು ಹೆಸರಿದ್ದವು: ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮೈನ್. ಕೊನೆಯದು ಫೆನಿರಮೈನಿನ ಖಾಸಾ ತಮ್ಮ. ಅಂದರೆ ಒಂದೇ ಜಾತಿಯ ಔಷಧಿ ಎರಡು ಪಾಲು ಹೊಟ್ಟೆಗೆ ಹೋಯಿತು. ನಡುವಿನದು ಮೂಗು ಬಿಡಿಸುತ್ತದೆ ನಿಜ, ಆದರೆ ಮೂತ್ರಕೋಶದ ಬಾಯಿಯನ್ನೂ ಬಿಗಿ ಮಾಡುತ್ತದೆ. ಅಪ್ಪನಿಗೆ ಮೊದಲೇ ಪ್ರಾಸ್ಟೇಟ್, ಅಂದರೆ ಗಂಡಸರಲ್ಲಿ ಮೂತ್ರನಾಳದ ಸುತ್ತ ಇರುವ ಗ್ರಂಥಿ, ದಪ್ಪವಾಗಿತ್ತು. ರಾತ್ರಿ ಪದೇಪದೇ ಏಳುವುದನ್ನು ನಾವು ವಯಸ್ಸು ಅಂತ ಬಿಟ್ಟಿದ್ದೆವು.

ಮೂತ್ರ ಕಟ್ಟಿತು. ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ಟ್ಯೂಬ್ ಹಾಕಿಸಬೇಕಾಯಿತು. ಅಪ್ಪ ಮೂತ್ರದ ಚೀಲ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದರು. ಅದು ಇರುವಷ್ಟು ದಿನ ನೂಲು ಬಿಚ್ಚುವ ಕೆಲಸ ನಿಂತೇ ಹೋಯಿತು.

ನಮ್ಮ ದೇಹವೇ ತಯಾರಿಸುವ ಹಿಸ್ಟಮೈನ್ ಅನ್ನುವ ರಾಸಾಯನಿಕ ಚರ್ಮದಲ್ಲಿ ತುರಿಕೆ ಎಬ್ಬಿಸುತ್ತದೆ, ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುತ್ತದೆ. ಫೆನಿರಮೈನ್ ತರಹದ ಹಳೇ ಕಾಲದ ಮಾತ್ರೆಗಳು ಮಿದುಳಿಗೂ ನುಗ್ಗಿ ಎರಡೂ ಕಡೆ ಅದನ್ನು ತಡೆಯುತ್ತವೆ. ಜೊತೆಗೆ ನರಗಳ ಸಂದೇಶ ಮುಟ್ಟಿಸುವ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಕೆಲಸಕ್ಕೂ ಅಡ್ಡ ಬರುತ್ತವೆ. ಮೂತ್ರಕೋಶ ಹಿಂಡಿಕೊಳ್ಳಲು ಅದೇ ಬೇಕು. ಬಾಯಿ ಒಣಗುವುದು, ಮಲಬದ್ಧತೆ, ವಯಸ್ಸಾದವರು ಗೊಂದಲಕ್ಕೆ ಬೀಳುವುದು, ಎಲ್ಲ ಇದರಿಂದಲೇ.

ನೀವು ಲಾಭ ಅಂದುಕೊಂಡಿರುವ ನಿದ್ದೆ ಒಂದು ಅಡ್ಡಪರಿಣಾಮ. ನಿದ್ದೆಗಾಗಿ ಇದನ್ನು ಖಂಡಿತ ಕೊಡಬೇಡಿ. ಕೆಲವೇ ದಿನಗಳಲ್ಲಿ ದೇಹ ಒಗ್ಗಿಕೊಂಡು ಆ ನಿದ್ದೆಯೂ ಕಡಿಮೆಯಾಗುತ್ತದೆ. ಆಗ ಇನ್ನೊಂದು ಮಾತ್ರೆ ಜಾಸ್ತಿ ನುಂಗೋಣ ಅನಿಸುತ್ತದೆ, ಅಲ್ವಾ? ತುರಿಕೆಗೆ ಫೆಕ್ಸೊಫೆನಡಿನ್, ಲೊರಾಟಡಿನ್ ತರಹದ, ಮಿದುಳಿಗೆ ಅಷ್ಟಾಗಿ ಹೋಗದ ಮಾತ್ರೆಗಳಿವೆ. ಯಾವುದು ಹೊಂದುತ್ತದೆ ಅಂತ ಡಾಕ್ಟರನ್ನೇ ಕೇಳಿ. ನಮ್ಮಪ್ಪನ ತುರಿಕೆ ಕೊನೆಗೆ ಇಳಿದಿದ್ದು ಚರ್ಮದ ಡಾಕ್ಟರು ಕೊಟ್ಟ ಮುಲಾಮಿನಿಂದ.

ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕುಡಿತ, ನಿದ್ದೆ ಮಾತ್ರೆ ಜೊತೆಗೆ ಬೇಡ. ಮಂಪರು ಬೆಳಿಗ್ಗೆಗೂ ಉಳಿಯುತ್ತದೆ, ಎದ್ದ ಕೂಡಲೇ ಬೈಕ್ ಕೊಡಬೇಡಿ. ಗ್ಲಾಕೋಮಾ (ಕಣ್ಣಿನ ಒಳಗಿನ ಒತ್ತಡ ಹೆಚ್ಚುವ ಕಾಯಿಲೆ) ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಮನೆಯಲ್ಲಿರುವ ಸ್ಟ್ರಿಪ್, ಸಿರಪ್ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ ತೋರಿಸಿ. ರಾತ್ರಿ ಎಷ್ಟು ಸಲ ಏಳುತ್ತೀರಿ, ಧಾರೆ ಸಣ್ಣಗಾಗಿದೆಯಾ ಅಂತ ತಂದೆಯನ್ನು ಇವತ್ತೇ ಕೇಳಿ, ಅವರಾಗಿ ಹೇಳುವುದು ಕಷ್ಟ. ಮೂತ್ರ ಬಾರದೆ ಕಿಬ್ಬೊಟ್ಟೆ ಬಿಗಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.