ಹೂಜಿ ಗಿಡದಲ್ಲಿ ಹೊಸ ಹೂಜಿ ಬರುತ್ತಿಲ್ಲ, ಕೋಳಿ ಮಾಂಸ ಹಾಕಬಹುದೇ?

ನಿಮ್ಮ ಪ್ರಶ್ನೆ ಇದು: ಆನ್‌ಲೈನ್‌ನಲ್ಲಿ ತರಿಸಿದ ನೆಪೆಂಥಿಸ್ (ಎಲೆಯ ತುದಿಯ ಹೂಜಿಯಲ್ಲಿ ಹುಳು ಹಿಡಿದು ಅರಗಿಸುವ ಹೂಜಿ ಗಿಡ) ಬೆಂಗಳೂರಿನ ಬಾಲ್ಕನಿಯಲ್ಲಿ ಮೂರು ತಿಂಗಳಿಂದ ಇದೆ. ಬರುವಾಗ ಇದ್ದ ಹೂಜಿಗಳೆಲ್ಲ ಒಣಗಿದವು, ಈಗ ಬರೀ ಎಲೆ ಬರುತ್ತಿದೆ. ಬೋರ್‌ವೆಲ್ ನೀರು ಹಾಕುತ್ತಿದ್ದೀರಿ, ಎರಡು ದಿನಕ್ಕೊಮ್ಮೆ ನೊಣ ಹಿಡಿದು ಹಾಕುತ್ತಿದ್ದಿರಿ. ಗಿಡಕ್ಕೆ ಹಸಿವಾಗಿರಬಹುದು, ಕೋಳಿ ಮಾಂಸದ ಚೂರು ಹಾಕಲೇ ಎಂದು ಕೇಳಿದ್ದೀರಿ.

ಮಾಂಸ ಬೇಡವೇ ಬೇಡ. ನೀವು ಬರೆದಿದ್ದರಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ್ದು ಬೋರ್‌ವೆಲ್ ನೀರು. ಅದನ್ನು ಇವತ್ತೇ ನಿಲ್ಲಿಸಿ. ಆಹಾರದ ಮಾತು ಆಮೇಲೆ. ಒಂದು ನೊಣವನ್ನೂ ಹಾಕದಿದ್ದರೂ ಈ ಗಿಡ ತಿಂಗಳುಗಟ್ಟಲೆ ಚೆನ್ನಾಗಿಯೇ ಇರುತ್ತದೆ, ಹೂಜಿಯನ್ನೂ ಬಿಡುತ್ತದೆ. ಹೂಜಿ ನಿಂತುಹೋಗುವುದು ಹೆಚ್ಚಾಗಿ ನೀರು, ಬೆಳಕು, ಗಾಳಿಯ ತೇವ ಈ ಮೂರರಲ್ಲಿ ಒಂದು ಕೆಟ್ಟಾಗ.

ನೆಪೆಂಥಿಸ್ ಬೆಳೆಯುವುದು ಬೋರ್ನಿಯೊ, ಸುಮಾತ್ರಾ, ಫಿಲಿಪ್ಪೀನ್ಸ್‌ನಂಥ ಕಡೆ, ಮಳೆ ತೊಳೆದು ತೊಳೆದು ಸಾರವೇ ಉಳಿಯದ ಮಣ್ಣಿನಲ್ಲಿ ಅಥವಾ ಮರದ ಮೇಲಿನ ಪಾಚಿಯಲ್ಲಿ. ಅಲ್ಲಿ ಬೇರಿಗೆ ಸಿಗದ ಸಾರಜನಕ, ರಂಜಕವನ್ನು ಹೂಜಿ ಹುಳುಗಳಿಂದ ಹೊಂದಿಸಿಕೊಡುತ್ತದೆ. ಬೇರಿಗೆ ಉಪ್ಪು, ಸುಣ್ಣ, ಗೊಬ್ಬರ ಯಾವುದನ್ನೂ ತಡೆದುಕೊಂಡು ಅಭ್ಯಾಸವಿಲ್ಲ. ನೀರಿನಲ್ಲಿ ಕರಗಿದ ಲವಣ 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಒಳಗಿದ್ದರೆ ಒಳ್ಳೆಯದು, 100ರವರೆಗೆ ನಡೆಯುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಅದು ಹಲವು ನೂರು ಇರುವುದು ಮಾಮೂಲು. ನೀರು ಆರಿಹೋಗುತ್ತದೆ, ಲವಣ ಕುಂಡದಲ್ಲೇ ಉಳಿಯುತ್ತದೆ. ಮೂರು ತಿಂಗಳಲ್ಲಿ ಎಷ್ಟು ಸೇರಿರಬಹುದು ಯೋಚಿಸಿ. ಕುಂಡದ ಅಂಚಿನಲ್ಲೋ ಪಾಚಿಯ ಮೇಲೋ ಬಿಳಿ ಪುಡಿ ಕಂಡರೆ ಅದು ಇದೇ.

ಹೀಗೆ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಈ ಗಿಡ ಸಾಕುವವರಿಗೆ ಇದಕ್ಕಿಂತ ಉಪಯೋಗದ ಸಾಮಾನು ಇನ್ನೊಂದಿಲ್ಲ. ಮನೆಯ ಆರ್‌ಒ ನೀರನ್ನೂ ಅಳೆದು ನೋಡಿ. ಈಗಿನ ಎಷ್ಟೋ ಫಿಲ್ಟರ್‌ಗಳು ರುಚಿಗೆಂದು ಕೊನೆಯಲ್ಲಿ ಖನಿಜ ಸೇರಿಸುತ್ತವೆ, ಇಲ್ಲವೇ ಶೋಧಿಸದ ನೀರನ್ನೇ ಸ್ವಲ್ಪ ಬೆರೆಸುತ್ತವೆ. ಹಾಗಾಗಿ ಆರ್‌ಒ ಎಂದು ನಂಬಿ ಹಾಕಿದ ನೀರಿನಲ್ಲೂ 120, 150 ಇರಬಹುದು. ರಿಪೇರಿಯವರಿಗೆ ಹೇಳಿದರೆ ಖನಿಜದ ಕಾರ್ಟ್ರಿಜ್‌ಗೂ ಮುಂಚೆ ಟಿ ಆಕಾರದ ಒಂದು ಪೈಪ್ ಜೋಡಣೆ ಕೂರಿಸಿ ಬೇರೆ ನಲ್ಲಿ ಕೊಡುತ್ತಾರೆ. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಮೊದಲ ಒಂದೆರಡು ಮಳೆಯಲ್ಲಿ ತಾರಸಿಯ ಧೂಳು ತೊಳೆದುಹೋಗಲಿ, ಆಮೇಲೆ ಹಿಡಿದು ಮುಚ್ಚಳವಿರುವ ಕ್ಯಾನ್‌ನಲ್ಲಿ ನೆರಳಿಗಿಡಿ. 5 ಇಂಚಿನ ಕುಂಡಕ್ಕೆ ಎರಡು ದಿನಕ್ಕೊಮ್ಮೆ ಅರ್ಧ ಲೀಟರ್ ಲೆಕ್ಕ ಹಾಕಿದರೆ 20 ಲೀಟರಿನ ಎರಡು ಕ್ಯಾನ್ ಒಂದು ಗಿಡಕ್ಕೆ ಐದು ತಿಂಗಳು ಬರುತ್ತದೆ. ಕುದಿಸಿದ ನೀರು ಪ್ರಯೋಜನವಿಲ್ಲ. ಕುದಿಸಿದರೆ ಲವಣ ಹೋಗುವುದಿಲ್ಲ.

ಸೇರಿಕೊಂಡಿರುವ ಉಪ್ಪನ್ನು ಈಗ ತೊಳೆಯಬೇಕು. ಕುಂಡವನ್ನು ಬಕೆಟ್ ಮೇಲೆ ಹಿಡಿದು 2 ಲೀಟರ್ ಒಳ್ಳೆಯ (ಲವಣ ಕಡಿಮೆಯಿರುವ) ನೀರನ್ನು ನಿಧಾನವಾಗಿ ಮೇಲಿಂದ ಸುರಿಯಿರಿ. ಕೊನೆಗೆ ತಳದಿಂದ ಬಸಿಯುವ ನೀರನ್ನು ಲೋಟದಲ್ಲಿ ಹಿಡಿದು ಅಳೆಯಿರಿ. 100ರ ಆಸುಪಾಸಿಗೆ ಇಳಿಯುವವರೆಗೆ ದಿನ ಬಿಟ್ಟು ದಿನ ಹೀಗೆ ಮಾಡಿ. ನಾಲ್ಕು ಸಲ ತೊಳೆದರೂ 200ರ ಮೇಲೇ ನಿಂತಿದ್ದರೆ ಕುಂಡದಲ್ಲಿರುವುದನ್ನೆಲ್ಲ ಬದಲಾಯಿಸುವುದೇ ಸರಿ. ನರ್ಸರಿಯವರು ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒತ್ತಿ ತುಂಬಿ ಕಳಿಸಿದ್ದರೂ ಅಷ್ಟೇ. ಕರಾವಳಿಯ ನಾರಿನಲ್ಲಿ ಉಪ್ಪು ಮೊದಲೇ ಇರುತ್ತದೆ, ಪುಡಿ ಕೊಕೊಪೀಟ್ ಗಾಳಿಯಾಡದೆ ಬೇರನ್ನು ಕೊಳೆಸುತ್ತದೆ.

ಹೊಸ ಮಿಶ್ರಣಕ್ಕೆ ಉದ್ದ ನಾರಿನ ಸ್ಫ್ಯಾಗ್ನಮ್ (ಜೌಗಿನಲ್ಲಿ ಬೆಳೆಯುವ, ನೀರು ಹಿಡಿದಿಡುವ) ಪಾಚಿ ಎರಡು ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಒಂದು ಪಾಲು ಸಾಕು. ತೂಕವಲ್ಲ, ಡಬ್ಬಿಯಲ್ಲಿ ಅಳೆದ ಪಾಲು. ಖರ್ಚು ಉಳಿಸಬೇಕೆಂದರೆ ಪಾಚಿಯ ಅರ್ಧದಷ್ಟು ಜಾಗಕ್ಕೆ ತೆಂಗಿನ ಸಿಪ್ಪೆಯ ಅರ್ಧ ಇಂಚಿನ ತುಂಡು ಹಾಕಬಹುದು, ಆದರೆ ಅದನ್ನು ಮೂರು ದಿನ, ದಿನಕ್ಕೊಮ್ಮೆ ನೀರು ಬದಲಾಯಿಸಿ ನೆನೆಸಿ ಹಿಂಡಿರಬೇಕು. ಮಲೆನಾಡಿನ ಮರಗಳಿಂದ ಕಿತ್ತು ಆರ್ಕಿಡ್‌ಗೆಂದು ಮಾರುವ ಪಾಚಿ ಸ್ಫ್ಯಾಗ್ನಮ್ ಅಲ್ಲ. ಬೇಗ ಕೊಳೆಯುತ್ತದೆ, ಕಾಡಿಗೂ ನಷ್ಟ. ಅದನ್ನು ಕೊಳ್ಳಬೇಡಿ. ಕೆಮ್ಮಣ್ಣು, ಎರೆಗೊಬ್ಬರ, ಬೇವಿನ ಹಿಂಡಿ ಯಾವುದೂ ಕುಂಡದ ಹತ್ತಿರವೂ ಬರಬಾರದು.

ಪಾಚಿಯನ್ನು ಅರ್ಧ ಗಂಟೆ ನೆನೆಸಿ, ಹಿಂಡಿದರೆ ನಾಲ್ಕು ಹನಿ ಬೀಳುವಷ್ಟು ತೇವ ಉಳಿಸಿಕೊಳ್ಳಿ. ಗಿಡವನ್ನು ಕುಂಡದಿಂದ ಬಿಡಿಸಿದಾಗ ಬೇರು ಕಪ್ಪಗೆ, ದಾರದಂತೆ ಕಾಣುತ್ತದೆ. ಗಾಬರಿಯಾಗಬೇಡಿ, ನೆಪೆಂಥಿಸ್ ಬೇರಿನ ಬಣ್ಣವೇ ಅದು. ಹಿಸುಕಿದರೆ ಗಟ್ಟಿಯಾಗಿದ್ದರೆ ಜೀವಂತ, ಮೆತ್ತಗಾಗಿ ಸಿಪ್ಪೆ ಜಾರಿ ಬಂದರೆ ಕೊಳೆತದ್ದು. ಬಹಳ ಸುಲಭವಾಗಿ ಮುರಿಯುತ್ತದೆ, ಹಾಗಾಗಿ ಹಳೆಯದನ್ನು ಕೈಯಿಂದ ಕೀಳದೆ ಒಳ್ಳೆಯ ನೀರಿನ ಬಕೆಟ್‌ನಲ್ಲಿ ಅಲ್ಲಾಡಿಸಿ ಉದುರಿಸಿ. ಪಾಚಿಯನ್ನು ಸುತ್ತ ಸಡಿಲವಾಗಿ ತುಂಬಿ, ಒತ್ತಬೇಡಿ. ಪ್ಲಾಸ್ಟಿಕ್ ಕುಂಡವೇ ಇರಲಿ. ಮಣ್ಣಿನ ಕುಂಡ ನೀರನ್ನು ಹೀರಿ ಗೋಡೆಯಲ್ಲಿ ಲವಣ ಹಿಡಿದಿಟ್ಟುಕೊಳ್ಳುತ್ತದೆ. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಹುಳು ಹಿಡಿಯುವ ಇನ್ನೊಂದು ಗಿಡ ವೀನಸ್ ಫ್ಲೈಟ್ರ್ಯಾಪ್‌ಗೆ ಹೇಳುವ ಆ ಸಲಹೆ ಇದಕ್ಕೆ ಹೊಂದುವುದಿಲ್ಲ, ಬೇರು ಉಸಿರುಗಟ್ಟುತ್ತದೆ. ಡೆಂಗಿ ಸೊಳ್ಳೆಗೂ ಆ ತಟ್ಟೆ ಇಷ್ಟದ ಜಾಗ.

ಇನ್ನು ಬೆಳಕು. ನಿಮ್ಮ ಎಲೆ ಉದ್ದವಾಗಿ, ಜೋಲುಬಿದ್ದು, ಕಡು ಹಸಿರಾಗಿದೆಯೇ? ಹಾಗಿದ್ದರೆ ಬೆಳಕು ಸಾಲುತ್ತಿಲ್ಲ. ಎಲೆ ಗಿಡ್ಡವಾಗಿ, ಗಟ್ಟಿಯಾಗಿ, ಅಂಚಿನಲ್ಲಿ ತುಸು ಕೆಂಪಾದರೆ ಸರಿಯಾಗಿದೆ. ಬಿಳಚಿಕೊಂಡು ಕಂದು ಮಚ್ಚೆ ಬಿದ್ದರೆ ಬಿಸಿಲು ಹೆಚ್ಚಾಗಿದೆ. ಪೂರ್ವದ ಬಾಲ್ಕನಿಯಲ್ಲಿ ಬೆಳಗಿನ ಮೂರು ಗಂಟೆ ಬಿಸಿಲು, ಆಮೇಲೆ ಬೆಳಕಿರುವ ನೆರಳು, ಇದು ಇದಕ್ಕೆ ಹೇಳಿ ಮಾಡಿಸಿದಂತೆ. ಪಶ್ಚಿಮಕ್ಕಿದ್ದರೆ 50 ಶೇಕಡಾ ನೆರಳು ಬಲೆ ಕಟ್ಟಿ. ಒಳಮನೆಯಲ್ಲಿ ಇಡಲೇಬೇಕಾದರೆ 20–30 ವಾಟ್‌ನ ಬಿಳಿ ಎಲ್‌ಇಡಿ ಒಂದು ಅಡಿ ಮೇಲೆ, ದಿನಕ್ಕೆ 12 ಗಂಟೆ.

ಹೂಜಿ ಹುಟ್ಟುವುದನ್ನು ಹತ್ತಿರದಿಂದ ನೋಡಿದರೆ ತೇವ ಯಾಕೆ ಇಷ್ಟು ಮುಖ್ಯ ಎಂದು ಗೊತ್ತಾಗುತ್ತದೆ. ಎಲೆಯ ನಡುನರ ತುದಿ ದಾಟಿ ಬಳ್ಳಿಯ ಕುಡಿಯಂತೆ ಚಾಚಿಕೊಳ್ಳುತ್ತದೆ. ಕುಡಿಯ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದೊಂದು ಗುಬುಟು, ಮೇಲೆಲ್ಲ ಕಂದು ರೋಮ. ಅದು ಮೊದಲು ಕೆಳಗೆ ಜೋತು, ಆಮೇಲೆ ಕೊಕ್ಕೆಯಂತೆ ಮೇಲಕ್ಕೆ ತಿರುಗಿ, ಚಪ್ಪಟೆ ಚೀಲವಾಗಿ, ಒಂದು ದಿನ ಗಾಳಿ ತುಂಬಿದಂತೆ ಉಬ್ಬುತ್ತದೆ. ಮುಚ್ಚಳ ಇನ್ನೂ ಬಿಗಿಯಾಗಿ ಮುಚ್ಚಿರುವಾಗಲೇ ಒಳಗೆ ದ್ರವ ತುಂಬಿರುತ್ತದೆ. ಆಮೇಲೆ ಮುಚ್ಚಳ ತೆರೆದು ಬಾಯಿಯ ಸುತ್ತಿನ ಏಣುಗಳಿರುವ ಅಂಚು ಹೊರಕ್ಕೆ ಸುರುಳಿ ಸುತ್ತಿಕೊಂಡು ಗಟ್ಟಿಯಾಗುತ್ತದೆ. ಇದಕ್ಕೆಲ್ಲ ವಾರಗಟ್ಟಲೆ ಬೇಕು. ಅಷ್ಟರಲ್ಲಿ ಒಣಗಾಳಿ ಹೊಡೆದರೆ ಆ ಗುಬುಟು ಕಪ್ಪಾಗಿ ಮುರುಟುತ್ತದೆ. ಒಮ್ಮೆ ಮುರುಟಿದ ಕುಡಿ ಮತ್ತೆ ಹೂಜಿಯಾಗುವುದಿಲ್ಲ.

ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಇದರ ಚಿಂತೆಯಿಲ್ಲ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಗಾಳಿಯ ತೇವ 30 ಶೇಕಡಾದ ಕೆಳಗಿಳಿಯುತ್ತದೆ, ಗಿಡಕ್ಕೆ 60 ಬೇಕು. ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸುವುದು ಹತ್ತು ನಿಮಿಷದ ಉಪಚಾರ. ಅದರ ಬದಲು ಗಿಡವನ್ನು ಗಾಳಿ ಬಡಿಯದ ಮೂಲೆಗೆ ಸರಿಸಿ, ಜರೀಗಿಡ, ಮನಿಪ್ಲಾಂಟ್‌ಗಳ ನಡುವೆ ಇಡಿ. ತೀರಾ ಒಣಗಿದ ಗಿಡಕ್ಕೆ ಕಡ್ಡಿ ನೆಟ್ಟು ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿ, ನೇರ ಬಿಸಿಲು ಬೀಳದ ಕಡೆ ಇಡಿ. ಬಿಸಿಲಿನಲ್ಲಿಟ್ಟರೆ ಒಳಗೆ ಬೆಂದುಹೋಗುತ್ತದೆ. ಹೊಸ ಹೂಜಿ ತೆರೆದ ಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಚೀಲ ಸರಿಸುತ್ತಾ ನಾಲ್ಕು ವಾರದಲ್ಲಿ ತೆಗೆಯಿರಿ. ನಿಮಗೆ ಬಂದ ಗಿಡದ ಹೂಜಿಗಳು ಒಣಗಿದ್ದಕ್ಕೆ ಇದೂ ಒಂದು ಕಾರಣ: ತೇವದ ಪಾಲಿಹೌಸ್‌ನಿಂದ ಡಬ್ಬದಲ್ಲಿ ಬಂದು ನೇರ ಬಾಲ್ಕನಿಗೆ ಬಿತ್ತು, ದಾರಿಯಲ್ಲಿ ದ್ರವವೂ ಚೆಲ್ಲಿಹೋಗಿರುತ್ತದೆ.

ಈಗ ಆಹಾರ. ಬಾಲ್ಕನಿಯಲ್ಲಿರುವ ಗಿಡಕ್ಕೆ ನೀವು ತಿನ್ನಿಸುವ ಅಗತ್ಯವೇ ಇಲ್ಲ. ಮುಚ್ಚಳದ ಅಡಿಯಲ್ಲಿ ಜಿನುಗುವ ಮಕರಂದಕ್ಕೆ ಇರುವೆಗಳು ತಾವಾಗಿ ಬರುತ್ತವೆ, ಒದ್ದೆಯಾದ ಅಂಚಿನ ಮೇಲೆ ಕಾಲು ಜಾರಿ ಬೀಳುತ್ತವೆ. ಮುಚ್ಚಳ ಹುಳುವನ್ನು ಹಿಡಿಯಲು ಮುಚ್ಚಿಕೊಳ್ಳುವುದಿಲ್ಲ, ಅದು ಮಳೆಗೆ ಹಿಡಿದ ಕೊಡೆ. ಮನೆಯೊಳಗೆ ಬೆಳೆಯುವ ಗಿಡಕ್ಕೆ ಮಾತ್ರ, ಮೂರು ವಾರಕ್ಕೊಮ್ಮೆ, ಒಂದೆರಡು ಹೂಜಿಗೆ ಹಾಕಿ. ಬಾಯಿ ತೆರೆದು ಎರಡು ವಾರವಾದ, ಅಂಚು ಗಟ್ಟಿಯಾದ ಹೂಜಿಯನ್ನು ಆರಿಸಿ. ಅಕ್ವೇರಿಯಂ ಮೀನಿನ ಅಂಗಡಿಯಲ್ಲಿ ಮೀನಿನ ಆಹಾರವಾಗಿ ಸಿಗುವ, ಒಣಗಿಸಿದ ಕೆಂಪು ಹುಳು ಬ್ಲಡ್‌ವರ್ಮ್ ನನ್ನ ಮೊದಲ ಆಯ್ಕೆ. ಒಂದು ಚಿಟಿಕೆಯನ್ನು ಒಳ್ಳೆಯ ನೀರಿನಲ್ಲಿ ಒದ್ದೆ ಮಾಡಿ, ಕಡಲೆಬೇಳೆಯಷ್ಟು ಉಂಡೆ ಕಟ್ಟಿ, ಚಿಮುಟದಿಂದ ದ್ರವದೊಳಗೆ ಬಿಡಿ. ಗೋಡೆಗೆ ಅಂಟಿ ನಿಂತರೆ ಬೂಸ್ಟು ಹಿಡಿಯುತ್ತದೆ. ಅದು ಸಿಗದಿದ್ದರೆ ನಿಧಾನವಾಗಿ ಕರಗುವ 14-14-14 (ಸಾರಜನಕ, ರಂಜಕ, ಪೊಟ್ಯಾಷ್ ತಲಾ 14 ಶೇಕಡಾ) ಗೊಬ್ಬರದ ಎರಡು ಕಾಳು ಒಂದು ಹೂಜಿಗೆ, ಎರಡು ತಿಂಗಳಿಗೊಮ್ಮೆ. ಹೂಜಿಯೊಳಗೆ, ಕುಂಡಕ್ಕಲ್ಲ.

ಕೋಳಿ ಮಾಂಸ ಯಾಕೆ ಬೇಡ ಎಂದರೆ, ದ್ರವದ ಆಮ್ಲ ಮತ್ತು ಕಿಣ್ವಗಳು ಸಣ್ಣ ಹುಳುವಿನ ಅಳತೆಗೆ ತಕ್ಕಷ್ಟೇ ಇರುತ್ತವೆ. ಮಾಂಸದ ಚೂರು, ಅದರ ಕೊಬ್ಬು ಕರಗುವುದಕ್ಕೆ ಮೊದಲೇ ಬ್ಯಾಕ್ಟೀರಿಯಾ ಗೆಲ್ಲುತ್ತದೆ, ದ್ರವ ನಾರುತ್ತದೆ, ಹೂಜಿಯ ತಳ ಕಪ್ಪಾಗಿ ಮೆತ್ತಗಾಗುತ್ತದೆ. ಎರಡು ದಿನಕ್ಕೊಂದು ನೊಣ ಹಾಕಿದಾಗಲೂ ಆದದ್ದು ಬಹುಶಃ ಇದೇ. ತಳದಿಂದ ಕಪ್ಪಾಗಿದ್ದರೆ ಅತಿಯಾದ ಊಟ, ಮುಚ್ಚಳದಿಂದ ಕೆಳಕ್ಕೆ ಒಣಗುತ್ತಾ ಬಂದಿದ್ದರೆ ಒಣಗಾಳಿ ಅಥವಾ ವಯಸ್ಸು. ಸ್ಪ್ರೇ ಹೊಡೆದು ಸಾಯಿಸಿದ ಸೊಳ್ಳೆ, ಜಿರಳೆಯನ್ನೂ ಹಾಕಬೇಡಿ. ದ್ರವ ಚೆಲ್ಲಿ ಖಾಲಿಯಾದ ಹೂಜಿಗೆ ಕಾಲುಭಾಗ ಒಳ್ಳೆಯ ನೀರು ಹಾಕಬಹುದು. ದ್ರವ ಇರುವ ಹೂಜಿಗೆ ನೀರು ಸೇರಿಸಿದರೆ ಆಮ್ಲ ತೆಳುವಾಗುತ್ತದೆ, ಲಾಭವೇನಿಲ್ಲ. ಅರ್ಧ ಒಣಗಿದ ಹೂಜಿಯಲ್ಲಿ ಹಸಿರು ಇರುವಷ್ಟು ಭಾಗ ಬಿಟ್ಟು ಕಂದನ್ನು ಮಾತ್ರ ಕತ್ತರಿಸಿ, ಉಳಿದದ್ದು ಇನ್ನೂ ಸಾರ ಹೀರುತ್ತಿರುತ್ತದೆ.

ಎಲೆಯ ಬುಡದಲ್ಲಿ ಹತ್ತಿಯಂತೆ ಬೆಳ್ಳಗಿದ್ದರೆ ಹಿಟ್ಟು ತಿಗಣೆ. ಹತ್ತಿ ಸುತ್ತಿದ ಕಡ್ಡಿಯನ್ನು 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ, ವಾರಕ್ಕೊಮ್ಮೆ ಮೂರು ಸಲ. ಇರುವೆಗಳು ಅವನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುತ್ತವೆ, ಆದ್ದರಿಂದ ಪಕ್ಕದ ದಾಸವಾಳವನ್ನೂ ನೋಡಿ.

ನೀವು ತರಿಸಿದ್ದು ಯಾವ ಜಾತಿ ಎಂದು ಬರೆದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವೆಂಟ್ರಾಟಾ, ಮಿರಾಂಡಾ ಮಿಶ್ರತಳಿಗಳು ಬೆಂಗಳೂರು, ಮೈಸೂರಿನ ಹವೆಗೆ ಒಗ್ಗುತ್ತವೆ. ಮಂಗಳೂರು, ಉಡುಪಿಯವರು ಬೆಚ್ಚನೆಯ ರಾತ್ರಿ ಬಯಸುವ ಆಂಪುಲ್ಲೇರಿಯಾ, ರಾಫ್ಲೆಸಿಯಾನಾ ಬೆಳೆಸಬಹುದು. ಬೋರ್ನಿಯೊದ ಕಿನಬಾಲು ಪರ್ವತದ ರಾಜಾ, ವಿಲ್ಲೋಸಾಗಳಿಗೆ ರಾತ್ರಿ 15 ಡಿಗ್ರಿಗಿಂತ ಕೆಳಗೆ ಬೇಕು, ಅವನ್ನು ಮೊದಲ ಗಿಡವಾಗಿ ಯೋಚಿಸಲೇಬೇಡಿ. ಭಾರತದ ಒಂದೇ ಒಂದು ನೆಪೆಂಥಿಸ್ ಜಾತಿ ಖಾಸಿಯಾನಾ ಮೇಘಾಲಯದ್ದು. ಗಾರೋ ಜನ ಅದನ್ನು ಮೆಮಾಂಗ್ ಕೊಕ್ಸಿ, ದೆವ್ವದ ಬುಟ್ಟಿ ಎನ್ನುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ, ಕಾಡಿನಿಂದ ಕಿತ್ತ ಗಿಡ ಎಂಬ ಸಂಶಯ ಬಂದರೂ ಕೊಳ್ಳಬೇಡಿ. ಇಪ್ಪತ್ತು ರೂಪಾಯಿಗೆ ನೀಲಿ ಹೂಜಿಯ ಬೀಜ ಎಂದು ಬರುವ ಜಾಹೀರಾತೆಲ್ಲ ಮೋಸ. ನಿಜವಾದ ಬೀಜ ಕೂದಲೆಳೆಯಂತೆ ತೆಳ್ಳಗಿರುತ್ತದೆ, ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ನೀರು ಬದಲಾಯಿಸಿದ ಮೇಲೆ ಹಳೆಯ ಎಲೆಗಳನ್ನು ನೋಡುತ್ತಾ ಕೂರಬೇಡಿ. ಇವತ್ತಿನ ನಂತರ ಬರುವ ಎಲೆಗೆ ಒಂದು ದಾರ ಕಟ್ಟಿ ಗುರುತಿಡಿ, ಅದರ ಕುಡಿಯ ತುದಿ ಹಸಿರಾಗಿಯೇ ಉಳಿದು ದಪ್ಪವಾಗುತ್ತಿದೆಯೇ ಎಂದು ಮಾತ್ರ ನೋಡಿ. ಎರಡು, ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಜಾಗ ಬದಲಿಸಬೇಡಿ, ಏನನ್ನೂ ತಿನ್ನಿಸಬೇಡಿ. ಮೀಟರ್ ತಂದ ಮೇಲೆ ಬಸಿದ ನೀರಿನ ಲೆಕ್ಕ ಮತ್ತು ಎಲೆಯ ಫೋಟೊ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.