ಓದುಗರ ಪ್ರಶ್ನೆ: ಚುನಾವಣಾ ಸಮೀಕ್ಷೆಗಳನ್ನು ನಂಬಬಹುದಾ?

ಪ್ರಶ್ನೆ: 2023ರ ವಿಧಾನಸಭಾ ಚುನಾವಣೆಯ ದಿನ ಸಂಜೆ ಅಪ್ಪ ಟಿವಿಯಲ್ಲಿ ಒಂದು ಚಾನೆಲ್, ನಾನು ಮೊಬೈಲಿನಲ್ಲಿ ಇನ್ನೊಂದು ನೋಡುತ್ತಿದ್ದೆವು. ಒಂದರಲ್ಲಿ ಕಾಂಗ್ರೆಸ್ಸಿಗೆ ಬಹುಮತ, ಇನ್ನೊಂದರಲ್ಲಿ ಬಿಜೆಪಿಗೆ. ಇಬ್ಬರೂ ಕೇಳಿದ್ದು ಇದೇ ಕರ್ನಾಟಕದ ಜನರನ್ನೇ ತಾನೇ? ಮೇಡಂ, ನೀವು ಇಂಥ ಕೆಲಸ ಮಾಡಿದವರು ಅಂತ ಹಿಂದೆ ಬರೆದಿದ್ದಿರಿ. ಇವುಗಳನ್ನು ನಂಬಬಹುದಾ?
– ಒಬ್ಬ ಓದುಗರು, ತಿಪಟೂರು

ಉತ್ತರ: ಆ ಸಂಜೆ ನನಗೂ ಚೆನ್ನಾಗಿ ನೆನಪಿದೆ. ಮೇ 10. ಆಕ್ಸಿಸ್ ಮೈ ಇಂಡಿಯಾದವರು ಕಾಂಗ್ರೆಸ್ಸಿಗೆ 122ರಿಂದ 140 ಸೀಟು ಅಂದರು. ಬೇರೊಂದು ಸಮೀಕ್ಷೆ ಬಿಜೆಪಿಗೆ 114 ಕೊಟ್ಟಿತು. ಇನ್ನು ಕೆಲವು ಅತಂತ್ರ ಎಂದವು. 13ನೇ ತಾರೀಕು ಎಣಿಕೆ ಮುಗಿದಾಗ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19.

ಸರಿ ಹೇಳಿದವರನ್ನು ಇನ್ನು ಮುಂದೆ ಕಣ್ಣು ಮುಚ್ಚಿ ನಂಬೋಣ ಅನ್ನಿಸುತ್ತದೆ ಅಲ್ವಾ? ಮರುವರ್ಷವೇ ಲೋಕಸಭೆಗೆ ಅದೇ ಸಂಸ್ಥೆ ಎನ್‌ಡಿಎಗೆ 361ರಿಂದ 401 ಸೀಟು ಎಂದಿತು. ಬಂದದ್ದು 293. ಎಣಿಕೆಯ ದಿನ ಅದರ ಮುಖ್ಯಸ್ಥ ಪ್ರದೀಪ್ ಗುಪ್ತಾ ಟಿವಿಯ ನೇರ ಪ್ರಸಾರದಲ್ಲೇ ಕಣ್ಣೀರು ಹಾಕಿದರು. ತುಂಬಾ ಜನ ಅದನ್ನು ನೋಡಿ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಊರೂರು ಸುತ್ತಿ ಜನರನ್ನು ಕೇಳಿಕೊಂಡು ಬಂದದ್ದು ತಲೆಕೆಳಗಾದರೆ ಹೇಗಿರುತ್ತದೆ ಅಂತ ಗೊತ್ತು.

ನನ್ನ ಉತ್ತರ ಹೀಗಿದೆ. ಯಾವ ಪಕ್ಷಕ್ಕೆ ಶೇಕಡಾ ಎಷ್ಟು ಮತ ಅಂತ ಹೇಳಿದರೆ ಕಿವಿಗೊಟ್ಟು ಕೇಳಿ. ಎಷ್ಟು ಸೀಟು ಅಂದಾಗ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ರಾಜ್ಯದ ಲೆಕ್ಕವನ್ನೇ ನೋಡಿ. 2018ರಲ್ಲಿ ಕಾಂಗ್ರೆಸ್ಸಿಗೆ ಶೇ 38 ಮತ, ಬಿಜೆಪಿಗೆ ಶೇ 36. ಮತ ಜಾಸ್ತಿ ಪಡೆದ ಕಾಂಗ್ರೆಸ್ಸಿಗೆ ಸೀಟು 78, ಕಡಿಮೆ ಪಡೆದ ಬಿಜೆಪಿಗೆ 104. ಐದು ವರ್ಷದ ನಂತರ ಬಿಜೆಪಿಯ ಮತ ಆ ಶೇ 36ರಲ್ಲೇ ನಿಂತಿತ್ತು. ಸೀಟು ಮಾತ್ರ 66ಕ್ಕೆ ಇಳಿಯಿತು. ಯಾಕೆಂದರೆ ಜೆಡಿಎಸ್ ಶೇ 18ರಿಂದ 13ಕ್ಕೆ ಬಂತು, ಕಾಂಗ್ರೆಸ್ ಶೇ 43ರ ಹತ್ತಿರಕ್ಕೆ ಏರಿತು. ಬಿಜೆಪಿಗೆ ಶೇ 36 ಅಂತ ಕರಾರುವಾಕ್ಕಾಗಿ ಹೇಳಿದವರೂ ಸೀಟಿನಲ್ಲಿ ಎಡವಬಹುದು. ಜಯನಗರದಲ್ಲಿ 2023ರಲ್ಲಿ ಗೆಲುವಿನ ಅಂತರ ಬರೀ 16 ಮತ. ಅದನ್ನು ಯಾವ ಸಮೀಕ್ಷೆ ಹಿಡಿಯಲು ಸಾಧ್ಯ ಹೇಳಿ?

ಚಾನೆಲ್ಲುಗಳಿಗೆ ಬೇಕಾದದ್ದು ಸೀಟಿನ ಸಂಖ್ಯೆಯೇ. ಮತ ಪ್ರಮಾಣವನ್ನು ಮೂಲೆಯಲ್ಲಿ ಸಣ್ಣದಾಗಿ ಹಾಕುತ್ತಾರೆ, ಕೆಲವೊಮ್ಮೆ ಹಾಕುವುದೇ ಇಲ್ಲ. ಹಾಕದಿದ್ದರೆ ಆ ಸಮೀಕ್ಷೆಯನ್ನು ನಾನು ನೋಡುವುದೇ ಇಲ್ಲ.

ಪ್ರಶ್ನೆ: ನನಗೆ 61 ವರ್ಷ. ಒಂದು ಸಲವೂ ಯಾರೂ ನಮ್ಮ ಮನೆಗೆ ಬಂದು ಕೇಳಿಲ್ಲ. ರಾಜ್ಯದಲ್ಲಿ ಐದು ಕೋಟಿಗೂ ಹೆಚ್ಚು ಮತದಾರರು. ಕೆಲವೇ ಸಾವಿರ ಜನರನ್ನು ಕೇಳಿ ಎಲ್ಲರ ಮನಸ್ಸು ಹೇಳುವುದು ಸುಮ್ನೆ ಊಹೆ ಅಲ್ಲವೇ?
– ಒಬ್ಬ ಓದುಗರು, ರಾಣೆಬೆನ್ನೂರು

ಉತ್ತರ: ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅಂತೀವಲ್ಲ, ಅದು ಮನೆಯ ಪಾತ್ರೆಗೆ ಸರಿ. ಮದುವೆ ಮನೆಯ ಅಡುಗೆಯವರನ್ನು ಗಮನಿಸಿ. ಸೌದೆ ಒಲೆಯ ಮೇಲಿನ ದೊಡ್ಡ ಹಂಡೆಯಲ್ಲಿ ಅವರು ನಡುವಿನಿಂದ ಒಂದು, ಅಂಚಿನಿಂದ ಒಂದು, ಸೌಟು ಹಾಕಿ ತಳದಿಂದ ಒಂದು ತೆಗೆದು ಹಿಚುಕಿ ನೋಡುತ್ತಾರೆ. ಎಲ್ಲಿಂದ ತೆಗೆದರು ಅನ್ನುವುದೇ ಮುಖ್ಯ.

ಸರಿಯಾಗಿ ಆರಿಸಿದ ಸಾವಿರ ಜನರನ್ನು ಕೇಳಿದರೆ ಲೆಕ್ಕ ಸುಮಾರು ಶೇ 3ರಷ್ಟು ಆಚೀಚೆ ಆಗಬಹುದು. ನಾಲ್ಕು ಸಾವಿರ ಜನರನ್ನು ಕೇಳಿದರೆ ಒಂದೂವರೆಗೆ ಇಳಿಯುತ್ತದೆ. ಮತದಾರರು ಐದು ಕೋಟಿ ಇರಲಿ, ಐವತ್ತು ಕೋಟಿ ಇರಲಿ, ಈ ಲೆಕ್ಕ ಹೆಚ್ಚುಕಮ್ಮಿ ಅಷ್ಟೇ. ಆರಿಸುವುದೇ ತಪ್ಪಿದರೆ ಲಕ್ಷಗಟ್ಟಲೆ ಜನರನ್ನು ಕೇಳಿದರೂ ದಂಡ. 1936ರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಮುನ್ನ ಅಲ್ಲಿನ ಲಿಟರರಿ ಡೈಜೆಸ್ಟ್ ಪತ್ರಿಕೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದಿದ್ದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಪತ್ರಿಕೆಯವರು ವಿಳಾಸ ತೆಗೆದದ್ದು ಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಆ ಕಾಲದ ಬಡವರಿಗೆ ಎರಡೂ ಇರಲಿಲ್ಲ.

ನಾನು ಶಿವಮೊಗ್ಗದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಾಗ ಹುಡುಗ ಹುಡುಗಿಯರನ್ನು ಕರೆದುಕೊಂಡು ಈ ಕೆಲಸಕ್ಕೆ ಹೋಗುತ್ತಿದ್ದೆ. ಮತದಾರರ ಪಟ್ಟಿಯಲ್ಲಿ ಒಂದು ಮತಗಟ್ಟೆಗೆ 900 ಹೆಸರಿದ್ದರೆ, ಚೀಟಿ ಎತ್ತಿ ಒಂದು ಸಂಖ್ಯೆಯಿಂದ ಶುರು ಮಾಡಿ, ಪ್ರತಿ 45ನೇ ಹೆಸರು. ಒಟ್ಟು 20 ಜನ. ಅವರನ್ನೇ ಕೇಳಬೇಕು. ಅವರಿಲ್ಲ ಅಂತ ಪಕ್ಕದ ಮನೆಯವರನ್ನು ಕೇಳುವ ಹಾಗಿಲ್ಲ. ಹಗಲು ಹೋದರೆ ಸಿಗುವುದು ವಯಸ್ಸಾದವರು, ಅಂಗಡಿಯವರು. ಕೂಲಿಗೆ ಹೋದವರು ಬರುವುದು ಸಂಜೆ ಆರಕ್ಕೆ. ಹಾಗಾಗಿ ಸಂಜೆ ಮತ್ತೆ ಹೋಗಬೇಕು. ಸಿಗಲಿಲ್ಲವೋ, ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಇನ್ನೊಂದು ಸಲ.

2014ರ ಲೋಕಸಭಾ ಚುನಾವಣೆ. ಮತದಾನ ಮುಗಿದು ಮೂರನೇ ದಿನ ಚನ್ನಗಿರಿ ತಾಲ್ಲೂಕಿನ ಒಂದು ಊರಿಗೆ ಹೋಗಿದ್ದೆವು. ಪಟ್ಟಿಯಲ್ಲಿದ್ದ ಹೆಂಗಸು ಅಂಗಳದಲ್ಲಿ ಹಳೇ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದರು. ನಾವು ಒಂದು ಪ್ರಶ್ನೆ ಕೇಳಿದರೆ ಒಳಗಿನಿಂದ ಗಂಡ ಉತ್ತರ ಹೇಳುತ್ತಿದ್ದ. ಆಕೆ ‘ಹೂಂ, ಅವರು ಹೇಳಿದ ಹಾಗೇ ಬರ್ಕೊಳ್ಳಿ’ ಅಂದರು. ನನ್ನ ಜೊತೆಗಿದ್ದ ಹುಡುಗಿ ಚಿಹ್ನೆಗಳಿದ್ದ ಚೀಟಿ ತೆಗೆದು, ‘ಅಕ್ಕಾ, ಇದನ್ನ ನೀವೇ ಒತ್ತಬೇಕು, ನಾನೂ ನೋಡಲ್ಲ’ ಅಂದಳು. ಆಕೆ ಕೈಯಲ್ಲಿದ್ದ ಹಿಟ್ಟು ತೊಳೆದು, ಸೆರಗಿಗೆ ಒರೆಸಿಕೊಂಡು, ಗೋಡೆಯ ಕಡೆ ತಿರುಗಿ ಗುರುತು ಹಾಕಿದರು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಗೆ ಹಾಕಿದರು. ಗಂಡ ಹೇಳಿದ್ದೇ ಅದರಲ್ಲಿತ್ತೋ ಬೇರೆಯೋ, ನಾನು ಬಿಚ್ಚಿ ನೋಡಲಿಲ್ಲ. ಆ ಚೀಟಿ ಇಲ್ಲದಿದ್ದರೆ ಆ ಮನೆಯ ಎರಡು ಮತ ನಮ್ಮ ಲೆಕ್ಕದಲ್ಲಿ ಒಬ್ಬರದೇ ಆಗುತ್ತಿತ್ತು, ಅಷ್ಟು ಖಂಡಿತ. ಫೋನಿನಲ್ಲಿ ‘ಒಂದು ಒತ್ತಿ, ಎರಡು ಒತ್ತಿ’ ಅಂತ ಕೇಳುವ ಸಮೀಕ್ಷೆಯಲ್ಲಿ ಈ ಹೆಂಗಸು ಎಲ್ಲಿರುತ್ತಾರೆ? ಆ ಮನೆಯ ಫೋನು ಗಂಡನ ಜೇಬಿನಲ್ಲಿತ್ತು.

ಇದೇ ಕೆಲಸದಲ್ಲಿ ಕೆಟ್ಟದ್ದನ್ನೂ ಕಂಡಿದ್ದೇನೆ. ಇನ್ನೊಂದು ಚುನಾವಣೆಯಲ್ಲಿ ಒಂದು ಸಂಸ್ಥೆಯವರು ಎರಡೇ ದಿನದಲ್ಲಿ ಮುಗಿಸಿ ಅಂದರು. ಫಾರಂ ಒಂದಕ್ಕೆ ಇಷ್ಟು ಅಂತ ದುಡ್ಡು, ಊಟದ ಖರ್ಚು ಕೊಡಲಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ತಂದ ಫಾರಂಗಳನ್ನು ಹಿಡಿದು ಮರುದಿನ ಅದೇ ಮನೆಗಳಿಗೆ ಹೋದೆ. ಮೂರನೇ ಮನೆಯಲ್ಲಿ ಕೇಳಿದ ಹೆಸರು ಒಬ್ಬ ಅಜ್ಜನದು. ‘ಅವರು ಹೋಗಿ ಎರಡು ವರ್ಷ ಆಯ್ತಲ್ಲಮ್ಮ’ ಅಂದರು ಸೊಸೆ. ಫಾರಂನಲ್ಲಿ ಅಜ್ಜ ಮುಖ್ಯಮಂತ್ರಿ ಯಾರಾಗಬೇಕು ಅಂತ ಕೂಡ ಹೇಳಿದ್ದರು. ಹುಡುಗ ಅರಳಿಕಟ್ಟೆಯ ಮೇಲೆ ಕೂತು ಎಂಟು ಫಾರಂ ತಾನೇ ತುಂಬಿದ್ದ. ಅವನನ್ನು ಬೈದೆ. ಆದರೆ ಆ ಬಿಸಿಲಲ್ಲಿ ಎರಡು ದಿನಕ್ಕೆ 40 ಮನೆ ಆಗುವುದಿಲ್ಲ ಅಂತ ಆ ಸಂಸ್ಥೆಗೆ ಗೊತ್ತಿರಲಿಲ್ಲವೇ? ಎಂಟೂ ಫಾರಂ ಹರಿದು ಹಾಕಿ, ಕಾರಣ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಆಮೇಲೆ ಅವರ ಕೆಲಸಕ್ಕೆ ನಾನು ಹೋಗಲಿಲ್ಲ.

ಪ್ರಶ್ನೆ: ಇಷ್ಟು ತಪ್ಪಾಗುವುದಾದರೆ ಸಮೀಕ್ಷೆಗಳನ್ನು ನಿಷೇಧಿಸಬಾರದೇ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಬೇಡ. ಈಗಲೂ ಸ್ವಲ್ಪ ನಿರ್ಬಂಧ ಇದೆ. ಜನಪ್ರತಿನಿಧಿ ಕಾಯ್ದೆಯ 126ಎ ಪ್ರಕಾರ, ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆಯಾಗುವವರೆಗೆ ಮತಗಟ್ಟೆ ಸಮೀಕ್ಷೆಯ ಫಲಿತಾಂಶ ಪ್ರಕಟಿಸುವಂತಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು ಆಗಬಹುದು.

ಹಾನಿ ಇಲ್ಲ ಅಂತ ನಾನು ಹೇಳುತ್ತಿಲ್ಲ. 2024ರ ಜೂನ್ 3ರಂದು, ಸಮೀಕ್ಷೆಗಳನ್ನು ನಂಬಿ ಸೆನ್ಸೆಕ್ಸ್ 2,500 ಅಂಶ ಏರಿತು. ಮರುದಿನ ನಿಜವಾದ ಎಣಿಕೆ ಬಂದಾಗ 4,000ಕ್ಕೂ ಹೆಚ್ಚು ಬಿತ್ತು. ನಮ್ಮ ಬೀದಿಯಲ್ಲೇ ನಿವೃತ್ತಿಯ ಹಣ ಹಾಕಿದವರೊಬ್ಬರು ವಾರಗಟ್ಟಲೆ ಮನೆಯಿಂದ ಹೊರಗೆ ಬರಲಿಲ್ಲ. ನನಗೆ ಬೇಕಿರುವುದು ಒಂದೇ ನಿಯಮ. ಎಷ್ಟು ಜನರನ್ನು, ಯಾವ ದಿನ, ಹೇಗೆ ಆರಿಸಿ ಕೇಳಿದಿರಿ, ದುಡ್ಡು ಯಾರು ಕೊಟ್ಟರು, ಎಷ್ಟು ಜನ ಉತ್ತರ ಕೊಡಲಿಲ್ಲ ಎಂಬುದನ್ನು ಸೀಟಿನ ಸಂಖ್ಯೆಯಷ್ಟೇ ದೊಡ್ಡದಾಗಿ ತೋರಿಸಬೇಕು.

ಪ್ರಶ್ನೆ: ಸಮೀಕ್ಷೆಯವರು ಮನೆಗೆ ಬಂದರೆ ನಿಜ ಹೇಳಲೇಬೇಕಾ? ನಮ್ಮದು ಸಣ್ಣ ಊರು, ಭಯ ಆಗುತ್ತೆ.
– ಒಬ್ಬ ಓದುಗರು, ಸಾಗರ

ಉತ್ತರ: ಖಂಡಿತ ಇಲ್ಲಮ್ಮ. ನಿಮ್ಮ ಮತ ಗುಟ್ಟಾಗಿಟ್ಟುಕೊಳ್ಳುವುದು ನಿಮ್ಮ ಹಕ್ಕು. ಮೊದಲು ಗುರುತಿನ ಚೀಟಿ ಕೇಳಿ. ಆಮೇಲೆ, ಗುರುತು ಹಾಕಿ ಡಬ್ಬಿಗೆ ಹಾಕುವ ಚೀಟಿ ಇದೆಯಾ ಅಂತ ಕೇಳಿ. ಇಲ್ಲ ಅಂದರೆ, ಇಷ್ಟವಿಲ್ಲದಿದ್ದರೆ, ಸುಳ್ಳು ಹೆಸರು ಮಾತ್ರ ಹೇಳಬೇಡಿ. ‘ಹೇಳಲ್ಲ’ ಅನ್ನಿ, ಸಾಕು. ನಾವು ಒಯ್ಯುತ್ತಿದ್ದ ಫಾರಂನಲ್ಲಿ ಅದಕ್ಕೂ ಒಂದು ಮನೆ ಇರುತ್ತಿತ್ತು.