ಕಿರಣ ಯಾರ ಹೆಸರು?

ಬಾಗಲಕೋಟೆಯ ನವನಗರದಿಂದ ತಂಗಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ‘ದಯವಿಟ್ಟು ನನ್ನ ಹೆಸರು ಹಾಕಬೇಡಿ’ ಎಂದು ಎರಡು ಕಡೆ ಗೆರೆ ಎಳೆದು ಹೇಳಿದ್ದಾರೆ. ಹೆಸರಿನ ಜಗಳದ ಪತ್ರಕ್ಕೆ ಬರೆದವರ ಹೆಸರೇ ಇಲ್ಲ. ಇರಲಿ, ನಾನು ತಂಗಿ ಅಂತಲೇ ಕರೆಯುತ್ತೇನೆ.

ಸಂಗತಿ ಇಷ್ಟು. ಅವರಿಗೆ ಈಗ ಏಳು ತಿಂಗಳು, ಎರಡನೆಯ ಬಸಿರು. ಗಂಡನಿಗೆ ಪುಣೆಯಲ್ಲಿ ನೌಕರಿ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಾರೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುವುದೂ ಕೇಳುವುದೂ 1994ರ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಗಂಡಹೆಂಡತಿ ಕೂತು ಯಾವುದಾದರೂ ನಡೆಯುವ ಒಂದು ಹೆಸರು ಆರಿಸಿಟ್ಟಿದ್ದಾರೆ: ಕಿರಣ. ‘ಯೂನಿಸೆಕ್ಸ್ ಹೆಸರು’ ಅಂತ ಬರೆದಿದ್ದಾರೆ. ಈ ಶಬ್ದವನ್ನು ನಾನು ಇಲ್ಲಿತನಕ ಸಲೂನಿನ ಬೋರ್ಡಿನ ಮೇಲೆ ಮಾತ್ರ ಓದಿದ್ದೆ.

ಅತ್ತೆಗೆ ಇದು ಸುತಾರಾಂ ಒಪ್ಪಿಗೆ ಇಲ್ಲ. ತೀರಿಹೋದ ಮಾವನವರ ಹೆಸರೇ ಬೇಕಂತೆ. ‘ಗಂಡಾದ್ರ ಸಂಗಪ್ಪ, ಹೆಣ್ಣಾದ್ರ ಸಂಗವ್ವ. ಇದರಾಗ ತಲಿ ಕೆಡಿಸಿಕೊಳ್ಳೂದು ಏನೈತಿ?’ ಗಂಡ ಹಗಲು ಫೋನು ಮಾಡಿದಾಗ ಅವ್ವನ ಪಕ್ಷ, ರಾತ್ರಿ ಮಾಡಿದಾಗ ಹೆಂಡತಿಯ ಪಕ್ಷ. ‘ಅತ್ತೆಯವರನ್ನು ಒಪ್ಪಿಸುವುದು ಹೇಗೆ?’ ಇದು ಪ್ರಶ್ನೆ.

ಮೂರನೆಯ ಪುಟದ ಕೆಳಗೆ ಒಂದೆರಡು ಸಾಲು ಇವೆ. ಅದಕ್ಕೆ ಆಮೇಲೆ ಬರುತ್ತೇನೆ. ಸ್ವಲ್ಪ ಸಿಟ್ಟು ಇಳಿಯಲಿ.

ತಂಗಿ, ಮೊದಲು ನಿಮ್ಮ ಅತ್ತೆಯ ಮಾತು. ಅವರನ್ನು ‘ಹಳೇ ಕಾಲದವರು’ ಎಂದು ಮೂರು ಸಲ ಬರೆದಿದ್ದೀರಿ. ಆದರೆ ಗಂಡಿಗೂ ಹೆಣ್ಣಿಗೂ ಒಂದೇ ಹೆಸರು ತಯಾರು ಇಟ್ಟುಕೊಂಡು ಕೂತವರು ಅವರೂ ಹೌದಲ್ವಾ? ನೀವು ಫೋನಿನಲ್ಲಿ ಹುಡುಕಿದಿರಿ, ಅವರು ಹುಡುಕಲಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಕಡೆ ಹೆಸರಿನ ಬೇರು ಒಂದೇ, ಬಾಲ ಮಾತ್ರ ಬೇರೆ. ಬಸಪ್ಪ ಬಸವ್ವ, ಸಿದ್ದಪ್ಪ ಸಿದ್ದವ್ವ, ಕಲ್ಲಪ್ಪ ಕಲ್ಲವ್ವ. ಇನ್ನೂ ಮಜಾ ನೋಡಿ. ಸವದತ್ತಿಯ ಎಲ್ಲಮ್ಮ ಹೆಣ್ಣು ದೇವರು. ಅವಳ ಹೆಸರು ಹೊತ್ತ ಯಲ್ಲಪ್ಪಂದಿರು ಓಣಿಗೆ ಇಬ್ಬರು ಸಿಗುತ್ತಾರೆ, ಇಬ್ಬರಿಗೂ ದಪ್ಪ ಮೀಸೆ. ದ್ಯಾಮವ್ವ ಊರ ದೇವತೆ, ದ್ಯಾಮಪ್ಪ ನಮ್ಮ ಮನೆಗೆ ಹಾಲು ಹಾಕುವವನು. ಕೂಡಲಸಂಗಮದ ಸಂಗಮನಾಥ ಗಂಡು ದೇವರು, ಅವನ ಹೆಸರಿನ ಸಂಗವ್ವಂದಿರು ನಿಮ್ಮ ಜಿಲ್ಲೆ ತುಂಬ ಇದ್ದಾರೆ. ಗಂಡು ದೇವರ ಹೆಸರು ಹೆಣ್ಣಿಗೆ, ಹೆಣ್ಣು ದೇವರ ಹೆಸರು ಗಂಡಿಗೆ. ಯಾರಿಗೂ ಗಲಿಬಿಲಿ ಆಗಿಲ್ಲ. ಇನ್ನೂ ಹಲ್ಲು ಮೂಡದ ಕೂಸನ್ನು ಅಪ್ಪ, ಅವ್ವ ಅಂತ ಕರೆಯುವ ಜನ ನಾವು. ನನಗಂತೂ ಅದರಲ್ಲಿ ಬಹಳ ಅಂತಃಕರಣ ಕಾಣುತ್ತದೆ.

ನಿಮ್ಮ ಅತ್ತೆ ಹಳೇ ಬಾಗಲಕೋಟೆಯವರು ಎಂದು ಒಂದು ಕಡೆ ಬರೆದಿದ್ದೀರಿ. ಅವರು ಮದುವೆಯಾಗಿ ಬಂದ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರು ಬಂತು. ಈಗ ಗಂಡನೂ ಇಲ್ಲ. ಆ ಹೆಂಗಸು ಒಂದು ಹೆಸರು ಕೇಳಿದರೆ ಹಟ ಅನ್ನಬೇಡಿ.

ಹಾಗಂತ ನಿಮ್ಮ ವಿಚಾರ ತಪ್ಪು ಅಂತ ನಾನು ಹೇಳಲ್ಲ. 31 ವರ್ಷ ಹಾಜರಿ ಕೂಗಿದವಳು ನಾನು. ಗಂಡಿಗೂ ಹೆಣ್ಣಿಗೂ ಇರುವ ಹೆಸರುಗಳ ಸುಖವೂ ಗೊತ್ತು, ಫಜೀತಿಯೂ ಗೊತ್ತು. ಚಿಕ್ಕೋಡಿ ಕಡೆ ಇದ್ದಾಗ ಎಂಟನೆಯ ತರಗತಿಯಲ್ಲಿ ಶೀತಲ ಅಂತ ಒಬ್ಬ ಹುಡುಗ. ಆ ಕಡೆಯ ಜೈನರಲ್ಲಿ ಗಂಡಸರಿಗೆ ಆ ಹೆಸರು ಇಡುತ್ತಾರೆ, ಹತ್ತನೆಯ ತೀರ್ಥಂಕರ ಶೀತಲನಾಥರ ಹೆಸರು. ಹೊಸದಾಗಿ ಬಂದ ಗುಮಾಸ್ತರಿಗೆ ಇದು ತಿಳಿಯದು. ಅವನನ್ನು ಹುಡುಗಿಯರ ಪಟ್ಟಿಗೆ ಏರಿಸಿಬಿಟ್ಟರು. ತಾಲೂಕು ಕ್ರೀಡಾಕೂಟದಲ್ಲಿ ಹುಡುಗಿಯರ ಖೋಖೋ ತಂಡ ಕರೆದಾಗ ಮೈಕಿನಲ್ಲಿ ಅವನ ಹೆಸರೂ ಬಂತು. ಬಂದು ನಿಂತ. ಮೇಲ್ತುಟಿಯ ಮೇಲೆ ಆಗಷ್ಟೇ ಚಿಗುರಿದ ಮೀಸೆ. ನಾನು ಪಟ್ಟಿ ತಿದ್ದಲು ಪೆನ್ನು ತೆಗೆದರೆ ತಂಡದ ಕ್ಯಾಪ್ಟನ್ ಹುಡುಗಿ, ‘ಇರಲಿ ಬಿಡ್ರಿ ಟೀಚರ್, ಛಲೋ ಓಡ್ತಾನ, ಗೆಲ್ತೀವಿ’ ಅಂದಳು.

ವಿಜಯಪುರಕ್ಕೆ ಬಂದ ಮೇಲೆ ಒಂದೇ ವರ್ಗದಲ್ಲಿ ಶಮೀಮ್ ಹುಡುಗ, ಶಮೀಮ್ ಹುಡುಗಿ ಇಬ್ಬರೂ ಇದ್ದರು. ಬಂಗಾಳದ ಕಡೆ ನೋಡಿ, ನಮ್ಮಲ್ಲಿ ಹೆಣ್ಣಿಗೆ ಮಾತ್ರ ಇಡುವ ಜ್ಯೋತಿ ಹೆಸರಿನ ಜ್ಯೋತಿ ಬಸು 1977ರಿಂದ 2000ದ ತನಕ ಮುಖ್ಯಮಂತ್ರಿ. ನಿಮ್ಮ ಕಿರಣನ ವಿಷಯವಂತೂ ಎಲ್ಲರಿಗೂ ಗೊತ್ತು. ಪೊಲೀಸ್ ಅಧಿಕಾರಿ ಕಿರಣ್ ಬೇಡಿ ಹೆಣ್ಣು, ವಿಕೆಟ್ ಕೀಪರ್ ಕಿರಣ್ ಮೋರೆ ಗಂಡು.

ಹೆಸರನ್ನು ಮಾಳಿಗೆ ಮೇಲೆ ನಿಂತು ಕೂಗಿ ನೋಡಬೇಕು ಎಂಬ ನನ್ನ ಹುಚ್ಚು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ದೀಪ ಹಚ್ಚುವ ಹೊತ್ತಿಗೆ, ಮಕ್ಕಳು ಆಟ ಬಿಟ್ಟು ಬರದೇ ಇದ್ದಾಗ ಕೂಗುವ ಕೂಗು. ಕಾಗದದ ಮೇಲೆ ಚೆಂದ ಕಾಣುವ ಎಷ್ಟೋ ಹೆಸರು ಅಲ್ಲಿ ಸೋತುಹೋಗುತ್ತವೆ. ನಿನ್ನೆ ಸಂಜೆ ನಿಮಗೋಸ್ಕರ ನಾನೇ ಮೇಲೆ ಹತ್ತಿ ‘ಕಿರಣಾ’ ಅಂತ ಕೂಗಿದೆ. ಚೆನ್ನಾಗಿ ಹೋಗುತ್ತದೆ, ಮೂರನೆಯ ಮನೆಯ ನಾಯಿಯೂ ತಿರುಗಿ ನೋಡಿತು. ಕೂಗುವಾಗ ಕೊನೆಯ ಅಕ್ಷರ ಹೇಗೂ ಉದ್ದ ಆಗುತ್ತದೆ, ಗಂಡಾದರೂ ಅದೇ ಕೂಗು, ಹೆಣ್ಣಾದರೂ ಅದೇ ಕೂಗು. ಹೆಸರು ಪಾಸು.

ಆದರೆ ಆ ಹೆಸರಿಗೆ ನೀವು ಕೊಟ್ಟ ಕಾರಣ ನನಗೆ ಸೇರಲಿಲ್ಲ. ‘ಹೆಣ್ಣಾದರೂ ಯಾರ ಮುಖವೂ ಸಣ್ಣದಾಗಬಾರದು’ ಎಂದು ಬರೆದಿದ್ದೀರಿ. ಕೂಸು ಹುಟ್ಟಿದ ಸುದ್ದಿ ಬಂದರೆ ಜನ ಹೆಸರು ಕೇಳುತ್ತಾರಾ? ‘ಏನಾತು?’ ಅಂತಾರೆ. ಹೆಸರಿನ ಸರದಿ ಬರುವ ಹೊತ್ತಿಗೆ ಸಣ್ಣದಾಗುವ ಮುಖ ಆಗಲೇ ಸಣ್ಣದಾಗಿರುತ್ತದೆ. ಕಿರಣ ಅಂತ ಇಟ್ಟು ಯಾರಿಂದ ಏನು ಮುಚ್ಚಿಡುತ್ತೀರಿ?

ಈಗ ಮೂರನೆಯ ಪುಟ. ನಿಮ್ಮ ಸಾಲುಗಳನ್ನೇ ಇಳಿಸುತ್ತೇನೆ: ‘ಮೊದಲನೆಯ ಮಗಳಿಗೆ ಐದು ವರ್ಷ. ಮನೆಯಲ್ಲಿ ಪುಟ್ಟಿ ಅಂತೀವಿ. ಆವಾಗ ಹೆಸರು ಹೊಂದಾಣಿಕೆ ಆಗದೆ ಜನನ ಪ್ರಮಾಣ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಉಳಿದಿದೆ, ಅದು ಬೇರೆ ವಿಷಯ. ಅವಳಿಗೂ ಕಿರಣ ಅನ್ನೋದು ಎಷ್ಟು ಇಷ್ಟ ಅಂದರೆ, ಅಂಗನವಾಡಿಯಲ್ಲಿ ತನ್ನ ಹೆಸರೇ ಕಿರಣ ಅಂತ ಹೇಳಿ ಬಂದಿದ್ದಾಳೆ. ನಮಗೆಲ್ಲಾ ನಗುವೋ ನಗು.’

ನನಗೆ ನಗು ಬರಲಿಲ್ಲ ತಂಗಿ. ಚಹಾ ಆರಿ ಕೆನೆ ಕಟ್ಟುವ ತನಕ ಹಾಗೇ ಕೂತಿದ್ದೆ.

ಇನ್ನೂ ಹುಟ್ಟದ ಕೂಸಿನ ಹೆಸರಿಗೆ ನಾಲ್ಕು ಪುಟ, ಪುಣೆ ಬಾಗಲಕೋಟೆ ನಡುವೆ ದಿನಕ್ಕೆ ಎರಡು ಫೋನು. ಹುಟ್ಟಿ ಐದು ವರ್ಷ ಆದವಳಿಗೆ ಎರಡು ಸಾಲು. ಆಸ್ಪತ್ರೆಯಲ್ಲಿ ಕೊಟ್ಟ ತಾಯಿ ಕಾರ್ಡಿನಲ್ಲಿ ಅವಳು ಇನ್ನೂ ‘ಬೇಬಿ ಆಫ್’ ಅಂತಲೇ ಇರಬೇಕು. ಕನ್ನಡದಲ್ಲಿ ಕೂಸು ನಪುಂಸಕ ಲಿಂಗ. ಕೂಸು ಅಳುತ್ತದೆ, ಕೂಸು ನಗುತ್ತದೆ. ಹೆಸರು ಇಟ್ಟ ಮೇಲೆ ‘ಅದು’ ಹೋಗಿ ‘ಅವಳು’ ಬರುತ್ತಾಳೆ. ಪುಟ್ಟಿ ಇದನ್ನು ತಾನೇ ಮಾಡಿಕೊಂಡು ಬಂದಿದ್ದಾಳೆ. ಮನೆಯವರೆಲ್ಲಾ ತಿಂಗಳುಗಟ್ಟಲೆ ಯಾವ ಹೆಸರನ್ನು ಮುದ್ದು ಮಾಡುತ್ತಿದ್ದಾರೋ ಅದನ್ನೇ ಎತ್ತಿಕೊಂಡಿದ್ದಾಳೆ. ಬುದ್ಧಿವಂತೆ.

ಅದಕ್ಕೂ ಕೆಳಗೆ, ಪುಟದ ಅಂಚಿನಲ್ಲಿ, ನಿಮ್ಮ ಮೈದುನ ಬರುತ್ತಾನೆ. ಕಚೇರಿಯ ಓಡಾಟವೆಲ್ಲಾ ಅವನದೇ, ‘ತಮಾಷೆ ಸ್ವಭಾವ’ ಎಂದು ಬರೆದಿದ್ದೀರಿ. ಪುಟ್ಟಿ ತನ್ನ ಹೆಸರಿನ ಮಾತು ಕೇಳಿದಾಗಲೆಲ್ಲಾ ಅವನು ಹೇಳುವುದು: ‘ನೀ ಒಬ್ಬ ತಮ್ಮನ್ನ ಕರಕೊಂಡ ಬಾ, ಆಮ್ಯಾಲೆ ಇಬ್ಬರದೂ ಕೂಡೇ ಬರಸ್ತೀನಿ.’ ನೀವು ಅತ್ತೆಯ ಮೇಲೆ ನಾಲ್ಕು ಪುಟ ಬರೆದಿರಿ, ನನ್ನ ಸಿಟ್ಟೆಲ್ಲಾ ಈ ಹುಡುಗನ ಮೇಲೆ. ಐದು ವರ್ಷದ ಕೂಸಿಗೆ ಅವಳ ಹೆಸರನ್ನು ತಮ್ಮನ ಜೊತೆ ತೂಗಿ ತೋರಿಸುವುದು ಯಾವ ಸೀಮೆಯ ತಮಾಷೆ? ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕೋಶಾ’ ಎಂಬ ಹೆಸರಿನ ಹುಡುಗಿಯರಿದ್ದರು. ನಕೋಶಾ ಎಂದರೆ ಬೇಡವಾದವಳು. 2011ರಲ್ಲಿ ಸರ್ಕಾರವೇ ಕಾರ್ಯಕ್ರಮ ಮಾಡಿ ಅಂಥ 280ಕ್ಕೂ ಹೆಚ್ಚು ಹುಡುಗಿಯರಿಗೆ ಬೇರೆ ಹೆಸರು ಇಟ್ಟಿತು. ನಿಮ್ಮ ಮನೆಯಲ್ಲಿ ಯಾರೂ ಅಷ್ಟು ಕೆಟ್ಟವರಲ್ಲ, ಗೊತ್ತು. ಆದರೆ ಆ ಖಾಲಿ ಜಾಗ ಅವಳಿಗೆ ಓದಲು ಬಂದ ದಿನ ಏನು ಅಂತ ಓದಿಕೊಳ್ಳುತ್ತಾಳೆ?

ಇನ್ನೊಂದು ಹುಚ್ಚು ನನ್ನದು ಕಾಗದಪತ್ರ. ಇದನ್ನು ಗಮನ ಇಟ್ಟು ಓದಿ. ಹೆಸರಿಲ್ಲದೆ ಜನನ ನೋಂದಣಿ ಮಾಡಿಸುವುದು ತಪ್ಪಲ್ಲ. 21 ದಿನದೊಳಗೆ ಹುಟ್ಟಿದ್ದನ್ನು ಬರೆಸಬೇಕು, ಅಷ್ಟರಲ್ಲಿ ಎಷ್ಟೋ ಮನೆಯಲ್ಲಿ ತೊಟ್ಟಿಲಿಗೇ ಹಾಕಿರುವುದಿಲ್ಲ. ಹೆಸರನ್ನು 12 ತಿಂಗಳ ಒಳಗೆ ದುಡ್ಡಿಲ್ಲದೆ ಸೇರಿಸಬಹುದು. ಅದು ದಾಟಿದರೆ ವಿಳಂಬ ಶುಲ್ಕ ಕಟ್ಟಿ 15 ವರ್ಷದ ತನಕ ಅವಕಾಶ ಇದೆ. ಪುಟ್ಟಿಗೆ ಇನ್ನೂ ಹೊತ್ತು ಮೀರಿಲ್ಲ. ಜನನ ಎಲ್ಲಿ ನೋಂದಣಿ ಆಗಿದೆಯೋ ಅಲ್ಲಿಗೇ ಹೋಗಬೇಕು, ನಗರಸಭೆಯೋ ಆಸ್ಪತ್ರೆಯೋ ಎಂಬುದು ಪ್ರಮಾಣ ಪತ್ರದ ಮೇಲೇ ಇರುತ್ತದೆ. ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ಖಾಲಿ ಜಾಗ ತುಂಬಿದಷ್ಟು ಸುಲಭ ಅಲ್ಲ, ಹಾಗಾಗಿ ಅಕ್ಷರ ಎರಡೆರಡು ಸಲ ನೋಡಿ. ಕನ್ನಡದಲ್ಲಿ ಕಿರಣ. ಇಂಗ್ಲಿಷ್‌ನಲ್ಲಿ ಬರೆಯುವಾಗ ಕೊನೆಗೆ ‘ಎ’ ಹಾಕಬೇಡಿ, ಓದುವವರು ಕಿರಾಣಾ ಅಂಗಡಿ ಮಾಡಿಬಿಡುತ್ತಾರೆ.

ಹೌದು, ಕಿರಣ ಅಂತಲೇ ಹೇಳಿದೆ. ನಾನು ಹೇಳುವ ಕೆಲಸ ಇದೊಂದೇ. ಗಂಡಿಗೂ ಹೆಣ್ಣಿಗೂ ಒಪ್ಪುವ ಹೆಸರು ಹುಡುಕಿದ್ದೀರಿ, ಅದನ್ನು ಕೇಳಿಕೊಂಡು ಒಬ್ಬಳು ಮನೆಯಲ್ಲೇ ಕೂತಿದ್ದಾಳೆ. ಕೊಟ್ಟುಬಿಡಿ. ಈ ಸಲ ನಿಮ್ಮ ಯಜಮಾನರು ಪುಣೆಯಿಂದ ಬಂದಾಗ ಭಾನುವಾರ ರಾತ್ರಿಯ ಬಸ್ಸು ಹತ್ತಬಾರದು. ಸೋಮವಾರ ರಜೆ ಹಾಕಿ, ಹಳೆಯ ಪ್ರಮಾಣ ಪತ್ರ ಮತ್ತು ಇಬ್ಬರ ಗುರುತಿನ ಪತ್ರ ತಗೊಂಡು, ಪುಟ್ಟಿಯನ್ನು ಕೈಹಿಡಿದು ತಾವೇ ಹೋಗಬೇಕು. ಹಗಲೊಂದು ಪಕ್ಷ ರಾತ್ರಿಯೊಂದು ಪಕ್ಷ ಆಡಿದ್ದಕ್ಕೆ ಇಷ್ಟಾದರೂ ನಡೆಯಲಿ. ಏಳು ತಿಂಗಳ ಬಸುರಿ ನೀವು ಕ್ಯೂ ನಿಲ್ಲುವುದು ಬೇಡ. ಮೈದುನನನ್ನಂತೂ ಕಳಿಸಲೇಬೇಡಿ.

ಎರಡನೆಯದಕ್ಕೆ ನಿಮ್ಮ ಅತ್ತೆ ಹೇಳಿದ ಹೆಸರು ಇಡಿ. ಸಂಗಪ್ಪ, ಸಂಗವ್ವ ಬಹಳ ಹಳೆಯದಾಯಿತು ಅನಿಸಿದರೆ ಬಾಲ ಕತ್ತರಿಸಿ ಸಂಗಮ ಅನ್ನಿ, ಗಂಡಿಗೂ ನಡೆಯುತ್ತದೆ, ಹೆಣ್ಣಿಗೂ ನಡೆಯುತ್ತದೆ. ಅದನ್ನು ಅವರ ಹತ್ತಿರ ಕೇಳಿ ಮಾಡಿ. ತಡ ಮಾತ್ರ ಮಾಡಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಹುಟ್ಟಿದ ತಾರೀಖಿನ ಆಧಾರ ಇದೇ ಪ್ರಮಾಣ ಪತ್ರ.

ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳುವ ಮಾನ ನಿಮ್ಮ ನಾದಿನಿಯದು, ಹಿಂದೆ ನಿಂತ ಹೆಂಗಸರ ಗುದ್ದು ಬೀಳುವುದೂ ಅವರ ಬೆನ್ನಿಗೇ. ಅವರ ಪಕ್ಕದಲ್ಲಿ ಕಿರಣಳನ್ನು ನಿಲ್ಲಿಸಿ. ಗುಗ್ಗರಿ ಹಂಚುವ ಕೆಲಸವೂ ಅವಳಿಗೇ ಇರಲಿ. ಯಾರಾದರೂ ‘ನಿನ್ನ ಹೆಸರೇನವ್ವ?’ ಅಂತ ಕೇಳಿಯೇ ಕೇಳುತ್ತಾರೆ.

ಹೆಸರು ತುಂಬಿದ ಪ್ರಮಾಣ ಪತ್ರ ಕೈಗೆ ಬಂದ ದಿನ ನನಗೊಂದು ಕಾರ್ಡು ಹಾಕಿ. ಅದರಲ್ಲಿ ನಿಮ್ಮ ಹೆಸರೂ ಬರೆಯಿರಿ, ನಾನು ಅಚ್ಚು ಹಾಕುವುದಿಲ್ಲ.